ಭೂಮಿ ತಿರುಗಿದರೂ ನಾವೇಕೆ ಸಿಡಿದು ಹೋಗುವುದಿಲ್ಲ?

ಕುಂಬಾರ ತನ್ನ ತಿಗರಿಯನ್ನು ಕೋಲಿನಿಂದ ರಭಸವಾಗಿ ತಿರುಗಿಸಿದಾಗ ಅದರ ಅಂಚಿನಲ್ಲಿ ಅಂಟಿದ ಕೆಸರು ಸುತ್ತಲೂ ಸಿಡಿಯುತ್ತದೆ. ಹತ್ತಿರ ಕುಳಿತವರ ಬಟ್ಟೆಯ ಮೇಲೂ ನಾಲ್ಕು ಹನಿ ಬೀಳುತ್ತದೆ. ಇಂಥದೇ ಒಂದು ಅನುಭವ ಖಗೋಳಶಾಸ್ತ್ರದ ದೊಡ್ಡ ಜಗಳವೊಂದಕ್ಕೆ ಆಧಾರವಾಗಿತ್ತು ಎಂದರೆ ಆಶ್ಚರ್ಯವಾದೀತು. ತಿರುಗುವ ಚಕ್ರದ ಮೇಲಿನದ್ದು ಸಿಡಿಯುತ್ತದೆ. ಭೂಮಿಯ ಮೇಲಿನ ಮನೆ, ಮರ, ಮನುಷ್ಯರು ಸಿಡಿಯುತ್ತಿಲ್ಲ. ಆದ್ದರಿಂದ ಭೂಮಿ ತಿರುಗುತ್ತಿಲ್ಲ! ವಾದ ಸರಳ. ಅದನ್ನು ಮುರಿಯಲು ಮಾತ್ರ ಸಾವಿರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಕ್ರಿ.ಶ. 499ರ ಸುಮಾರಿಗೆ ಆರ್ಯಭಟ ಭೂಮಿಯೇ ತಿರುಗುತ್ತದೆ ಎಂದ. ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದ ವಸ್ತುಗಳು ಹಿಂದಕ್ಕೆ ಸರಿದಂತೆ ಕಾಣುವ ಹಾಗೆ, ನಿಂತ ನಕ್ಷತ್ರಗಳು ನಮಗೆ ಪಶ್ಚಿಮಕ್ಕೆ ಸರಿದಂತೆ ಕಾಣುತ್ತವೆ ಎಂಬುದು ಅವನ ಉಪಮೆ. ಆದರೆ ಅನಂತರದ ಪಂಡಿತರು ಒಪ್ಪಲಿಲ್ಲ. ಹಾಗಾದರೆ ಆಕಾಶಕ್ಕೆ ಹಾರಿದ ಗಿಡುಗ ತನ್ನ ಗೂಡಿಗೆ ಮರಳುವುದು ಹೇಗೆ ಎಂದು ವರಾಹಮಿಹಿರ ಕೇಳಿದ. ಎತ್ತರದ ವಸ್ತುಗಳು ಏಕೆ ಉರುಳುವುದಿಲ್ಲ ಎಂಬುದು ಬ್ರಹ್ಮಗುಪ್ತನ ಪ್ರಶ್ನೆ. ಇವರನ್ನು ಹಳೆಯ ಕಾಲದವರೆಂದು ನಗುವ ಹಾಗಿಲ್ಲ. ಆ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ಚಲನಶಾಸ್ತ್ರ ಆಗ ಯಾರ ಬಳಿಯೂ ಇರಲಿಲ್ಲ.

ಯುರೋಪಿನಲ್ಲೂ ಕಥೆ ಇದೇ. 1543ರಲ್ಲಿ ಕೋಪರ್ನಿಕಸ್ ಒಂದು ಜಾಣ ಮರುಪ್ರಶ್ನೆ ಹಾಕಿದ: ಭೂಮಿ ಚೂರಾದೀತೆಂದು ಹೆದರುವವರು, ಅದಕ್ಕಿಂತ ಎಷ್ಟೋ ವೇಗವಾಗಿ ತಿರುಗಬೇಕಾದ ಆಕಾಶ ಚೂರಾದೀತೆಂದು ಏಕೆ ಹೆದರುವುದಿಲ್ಲ? ಮಾತು ಚೆನ್ನಾಗಿದೆ, ಲೆಕ್ಕ ಮಾತ್ರ ಇಲ್ಲ. 1632ರಲ್ಲಿ ಗೆಲಿಲಿಯೊ ತನ್ನ 'ಸಂವಾದ'ದಲ್ಲಿ ಈ ಸಿಡಿಯುವ ಪ್ರಶ್ನೆಯನ್ನೇ ಹಿಡಿದು ಕುಳಿತ. ಚಕ್ರದಿಂದ ಬಿಡಿಸಿಕೊಂಡ ವಸ್ತು ನೇರ ಹೊರಕ್ಕಲ್ಲ, ಸ್ಪರ್ಶರೇಖೆಯ ದಿಕ್ಕಿನಲ್ಲಿ ಹೋಗುತ್ತದೆ ಎಂದು ಸರಿಯಾಗಿಯೇ ಹೇಳಿದ. ಆದರೆ ಮುಂದೆ ಎಡವಿದ. ಆರಂಭದಲ್ಲಿ ಆ ರೇಖೆ ವೃತ್ತದಿಂದ ದೂರವಾಗುವುದು ಅತ್ಯಲ್ಪ, ಆದ್ದರಿಂದ ಭೂಮಿ ಎಷ್ಟೇ ವೇಗವಾಗಿ ತಿರುಗಿದರೂ ಅತಿ ಚಿಕ್ಕ ತೂಕವೂ ವಸ್ತುವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ವಾದಿಸಿದ. ಇದು ತಪ್ಪು. ಆದರೂ ಮರುವರ್ಷ ಅವನನ್ನು ವಿಚಾರಣೆಗೆ ನಿಲ್ಲಿಸಿದ್ದು ಈ ತಪ್ಪಿಗಲ್ಲ, ಸರಿಯಾದ ಮಾತಿಗೆ! ಭೂಮಿ ಚಲಿಸುತ್ತದೆ ಎಂಬುದನ್ನು ಮಂಡಿಯೂರಿ ಅಲ್ಲಗಳೆದು, 1642ರಲ್ಲಿ ಸಾಯುವವರೆಗೆ ಅವನು ಗೃಹಬಂಧನದಲ್ಲಿದ್ದ.

ತಪ್ಪೆಲ್ಲಿದೆ ಎಂದು ತಿಳಿಯಲು ಗ್ರಾಮಾಫೋನ್ ಸಾಕು. ತಿರುಗುವ ತಟ್ಟೆಯ ಮೇಲೆ ಒಂದು ನಾಣ್ಯವಿಡಿ. ನಾಣ್ಯ ನೇರವಾಗಿ ಹೋಗಲು ಬಯಸುತ್ತದೆ. ಅದನ್ನು ಕ್ಷಣಕ್ಷಣವೂ ಒಳಕ್ಕೆ ಎಳೆದು ವೃತ್ತದಲ್ಲಿ ಸುತ್ತಿಸುವುದು ತಟ್ಟೆಯೊಡನೆ ಅದಕ್ಕಿರುವ ಘರ್ಷಣೆ. ಘರ್ಷಣೆಗೆ ಒಂದು ಮಿತಿಯಿದೆ. ಅದು ನಾಣ್ಯದ ತೂಕದ ಹತ್ತರಲ್ಲಿ ಮೂರು ಪಾಲು ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 78 ಸುತ್ತಿನ ತಟ್ಟೆಯಲ್ಲಿ ನಾಣ್ಯ ಕೇಂದ್ರದಿಂದ ಸುಮಾರು ನಾಲ್ಕೂವರೆ ಸೆಂಟಿಮೀಟರ್ ದಾಟಿದರೆ ಜಾರುತ್ತದೆ. ಅದೇ ತಟ್ಟೆ 33 ಸುತ್ತಿನ ವೇಗದಲ್ಲಿ ತಿರುಗಿದರೆ ಅಂಚಿನಲ್ಲಿಟ್ಟರೂ ಕದಲುವುದಿಲ್ಲ. ಭಾರದ ನಾಣ್ಯ, ಹಗುರ ನಾಣ್ಯ ಎಂಬ ಭೇದವಿಲ್ಲ. ತೂಕ ಹೆಚ್ಚಿದಂತೆ ಹಿಡಿತವೂ ಅಷ್ಟೇ ಹೆಚ್ಚುತ್ತದೆ. ವೇಗ ಇಮ್ಮಡಿಯಾದರೆ ಬೇಕಾದ ಎಳೆತ ಮಾತ್ರ ನಾಲ್ಮಡಿಯಾಗುತ್ತದೆ. ಅಂದರೆ 'ಎಷ್ಟೇ ವೇಗವಾದರೂ' ಎನ್ನುವಂತಿಲ್ಲ, ವೇಗ ಎಷ್ಟೆಂದು ಕೇಳಲೇಬೇಕು.

ಹಾಗೆ ಕೇಳಿ ಲೆಕ್ಕ ಹಾಕಿದವನು ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್. 1659ರಲ್ಲಿ, ದೊಡ್ಡ ಚಕ್ರಕ್ಕೆ ಅಂಟಿಕೊಂಡ ಮನುಷ್ಯನೊಬ್ಬ ಸೀಸದ ಗುಂಡು ಕಟ್ಟಿದ ದಾರ ಹಿಡಿದಿದ್ದಾನೆ ಎಂದು ಕಲ್ಪಿಸಿಕೊಂಡು, ದಾರದ ಎಳೆತವನ್ನು ಅಳೆಯುವ ಸೂತ್ರ ಕಂಡುಕೊಂಡ. ಅದನ್ನು ಭೂಮಿಗೆ ಅನ್ವಯಿಸಿದರೆ ಸಿಗುವ ಉತ್ತರ ಸ್ವಾರಸ್ಯವಾಗಿದೆ. ಸಮಭಾಜಕದಲ್ಲಿರುವವರು ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ಸುತ್ತುತ್ತಿದ್ದಾರೆ. ಬೆಂಗಳೂರಿನಲ್ಲಿ ಕುಳಿತ ನಾವು ಸುಮಾರು 1,630 ಕಿ.ಮೀ. ವೇಗದಲ್ಲಿ. ವೇಗ ಭಯಂಕರವಾದರೂ ಸುತ್ತು ದಿನಕ್ಕೊಂದೇ. ಹೀಗಾಗಿ ನಮ್ಮನ್ನು ಹೊರಗೆಸೆಯುವಂತೆ ತೋರುವ ಬಲ ಸಮಭಾಜಕದಲ್ಲೂ ಗುರುತ್ವದ 289ರಲ್ಲಿ ಒಂದು ಪಾಲು ಮಾತ್ರ. ಭೂಮಿ 17 ಪಟ್ಟು ವೇಗವಾಗಿ, ಅಂದರೆ ಸುಮಾರು 85 ನಿಮಿಷಕ್ಕೊಮ್ಮೆ ತಿರುಗಿದ್ದರೆ ಅಲ್ಲಿ ವಸ್ತುಗಳಿಗೆ ತೂಕವೇ ಇರುತ್ತಿರಲಿಲ್ಲ. ಬ್ರಹ್ಮಗುಪ್ತನ ಅನುಮಾನ ಅಷ್ಟರಮಟ್ಟಿಗೆ ಸುಳ್ಳಲ್ಲ.

ಆ ಒಂದು ಪಾಲಿನ ಸುಳಿವು 1672ರಲ್ಲೇ ಸಿಕ್ಕಿತ್ತು. ಫ್ರಾನ್ಸಿನ ಖಗೋಳಜ್ಞ ಜಾನ್ ರಿಷೆ ಸಮಭಾಜಕಕ್ಕೆ ಹತ್ತಿರದ, ದಕ್ಷಿಣ ಅಮೆರಿಕದ ಕೇಯೆನ್ ದ್ವೀಪಕ್ಕೆ ಹೋದಾಗ ಅವನ ಲೋಲಕದ ಗಡಿಯಾರ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಗಡಿಯಾರ ಕೆಟ್ಟಿರಲಿಲ್ಲ, ಅಲ್ಲಿನ ಗುರುತ್ವವೇ ಕಡಿಮೆಯಿತ್ತು. ಅದಕ್ಕೆ ಒಂದು ಕಾರಣ ಭೂಮಿಯ ತಿರುಗಾಟ. ಇನ್ನೊಂದು, ಆ ತಿರುಗಾಟದಿಂದಲೇ ಭೂಮಿಯ ನಡು ಉಬ್ಬಿರುವುದು. ಹಾಗೆ ಉಬ್ಬಿರದಿದ್ದರೆ ಸಮುದ್ರಗಳು ಧ್ರುವಗಳಿಂದ ಇಳಿದು ಸಮಭಾಜಕದ ನೆಲವನ್ನೆಲ್ಲ ಮುಳುಗಿಸುತ್ತಿದ್ದವು ಎಂದು 1687ರಲ್ಲಿ ನ್ಯೂಟನ್ ಬರೆದ. ರಿಷೆಗೆ ಇದೆಲ್ಲ ತಿಳಿದಿರಲಿಲ್ಲ. ಅವನು ಲೋಲಕವನ್ನು ಮೂರು ಮಿಲಿಮೀಟರಿಗಿಂತ ತುಸು ಕಡಿಮೆ ಮೊಟಕು ಮಾಡಿದ, ಗಡಿಯಾರ ಸರಿಹೋಯಿತು.