ನಾರ್ಸ್ ಪುರಾಣ: ಕತೆ ಉಳಿಸಿದವರು, ಕಂಡದ್ದನ್ನು ಬರೆದವರು

ನಾರ್ವೆ, ಸ್ವೀಡನ್, ಡೆನ್ಮಾರ್ಕ್ ಮತ್ತು ಐಸ್‌ಲ್ಯಾಂಡ್‌ನ ಜನರು ಕ್ರೈಸ್ತ ಧರ್ಮ ಸ್ವೀಕರಿಸುವ ಮುನ್ನ ಹಲವು ದೇವತೆಗಳನ್ನು ಪೂಜಿಸುತ್ತಿದ್ದರು. ಯುದ್ಧ ಮತ್ತು ಕಾವ್ಯದ ದೇವರು ಓಡಿನ್, ಗುಡುಗಿನ ದೇವರು ಥಾರ್, ಪ್ರೇಮದ ದೇವತೆ ಫ್ರೇಯಾ ಇವರಲ್ಲಿ ಪ್ರಮುಖರು.

ಅವರ ಪುರಾಣದ ಪ್ರಕಾರ ಆದಿಯಲ್ಲಿ ಒಂದು ಮಹಾ ಶೂನ್ಯವಿತ್ತು. ಅದರ ಒಂದು ಬದಿ ಹಿಮ, ಇನ್ನೊಂದು ಬದಿ ಬೆಂಕಿ. ಕರಗಿದ ಹಿಮದಿಂದ ಯಿಮಿರ್ ಎಂಬ ದೈತ್ಯ ಹುಟ್ಟಿದ. ಓಡಿನ್ ಮತ್ತವನ ಇಬ್ಬರು ಸೋದರರು ಅವನನ್ನು ಕೊಂದು ಅವನ ಮಾಂಸದಿಂದ ಭೂಮಿಯನ್ನೂ, ರಕ್ತದಿಂದ ಸಮುದ್ರವನ್ನೂ, ಎಲುಬುಗಳಿಂದ ಬೆಟ್ಟಗಳನ್ನೂ, ತಲೆಬುರುಡೆಯಿಂದ ಆಕಾಶವನ್ನೂ ಮಾಡಿದರು. ದಡದಲ್ಲಿ ಸಿಕ್ಕ ಎರಡು ಮರದ ತುಂಡುಗಳಿಗೆ ಜೀವ ಕೊಟ್ಟಾಗ ಮೊದಲ ಗಂಡು ಹೆಣ್ಣು ಹುಟ್ಟಿದರು.

ಯುದ್ಧದಲ್ಲಿ ಮಡಿದವರಲ್ಲಿ ಅರ್ಧದಷ್ಟು ಮಂದಿ ಓಡಿನ್‌ನ ವಲ್ಹಲ್ಲಾ ಸೇರುತ್ತಾರೆ, ಉಳಿದರ್ಧ ಫ್ರೇಯಾಳ ಪಾಲು. ವಲ್ಹಲ್ಲಾದಲ್ಲಿ ಹಗಲೆಲ್ಲ ಕಾದಾಟ, ಸಂಜೆ ಔತಣ. ರೋಗದಿಂದಲೋ ಮುಪ್ಪಿನಿಂದಲೋ ಸತ್ತವರು ಹೋಗುವುದು ಹೆಲ್ ಎಂಬ ಲೋಕಕ್ಕೆ. ದೇವತೆಗಳೂ ಚಿರಂಜೀವಿಗಳಲ್ಲ. ರಗ್ನರೋಕ್ ಎಂಬ ಅಂತಿಮ ಯುದ್ಧದಲ್ಲಿ ಓಡಿನ್‌ನನ್ನು ತೋಳವೊಂದು ನುಂಗುತ್ತದೆ, ಸರ್ಪದ ವಿಷದಿಂದ ಥಾರ್ ಸಾಯುತ್ತಾನೆ. ಬಳಿಕ ಸಮುದ್ರದಿಂದ ಹಸಿರು ಭೂಮಿಯೊಂದು ಮತ್ತೆ ಮೇಲೇಳುತ್ತದೆ.

ಇದೆಲ್ಲ ನಮಗೆ ತಿಳಿದದ್ದು ಹೇಗೆ? ಆ ಧರ್ಮದವರು ಕಲ್ಲಿನ ಮೇಲೆ ರೂನ್ ಲಿಪಿಯಲ್ಲಿ ಚಿಕ್ಕ ಬರಹಗಳನ್ನು ಕೆತ್ತಿದರೇ ಹೊರತು ಗ್ರಂಥ ಬರೆಯಲಿಲ್ಲ. ಐಸ್‌ಲ್ಯಾಂಡ್ ಸುಮಾರು ಕ್ರಿ.ಶ. 1000ರಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿತು. ಅದಾಗಿ ಎರಡು ಶತಮಾನಗಳ ನಂತರ, 1220ರ ಸುಮಾರಿಗೆ, ಸ್ನೋರಿ ಸ್ಟುರ್ಲುಸನ್ (1179-1241) ಎಂಬ ಐಸ್‌ಲ್ಯಾಂಡ್‌ನ ಮುಖಂಡರು 'ಎಡ್ಡಾ' ಎಂಬ ಕೃತಿ ರಚಿಸಿದರು. ಹಳೆಯ ಕಾವ್ಯದಲ್ಲಿ ಚಿನ್ನಕ್ಕೆ 'ಫ್ರೇಯಾಳ ಕಣ್ಣೀರು' ಎನ್ನುತ್ತಿದ್ದರು. ಕತೆ ಗೊತ್ತಿಲ್ಲದ ಯುವ ಕವಿಗಳಿಗೆ ಇಂಥ ಮಾತು ಅರ್ಥವಾಗುವುದಾದರೂ ಹೇಗೆ? ಅವರಿಗಾಗಿಯೇ ಸ್ನೋರಿ ಬರೆದರು. ಈ ದೇವತೆಗಳು ಟ್ರಾಯ್‌ನಿಂದ ಬಂದ ಮನುಷ್ಯರೆಂದು ಪೀಠಿಕೆಯಲ್ಲಿ ಹೇಳಿದ ಕ್ರೈಸ್ತರು ಅವರು. ಆದರೂ ತಾವು ನಂಬದ ಕತೆಗಳನ್ನು ಪ್ರೀತಿಯಿಂದಲೇ ಹೇಳಿದರು.

ಅಂಥ ಕತೆಗಳಲ್ಲೊಂದು ಓಡಿನ್‌ನ ಮಗ ಬಾಲ್ಡರ್‌ನ ಅಂತ್ಯಕ್ರಿಯೆಯದ್ದು. ಅವನ ಶವವನ್ನು ಹಡಗಿನ ಚಿತೆಗೆ ಒಯ್ಯುವುದನ್ನು ಕಂಡು ಪತ್ನಿ ನನ್ನಾ ಎದೆಯೊಡೆದು ಸತ್ತಳು. ಅವಳನ್ನೂ ಅದೇ ಚಿತೆಯಲ್ಲಿಟ್ಟು ಸುಟ್ಟರು ಎನ್ನುತ್ತಾರೆ ಸ್ನೋರಿ.

ಅವರಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆ ಇಂಥದೊಂದು ಹಡಗಿನ ಚಿತೆಯನ್ನು ಕಣ್ಣಾರೆ ಕಂಡು ಬರೆದವರು ಇಬ್ನ್ ಫದ್‌ಲಾನ್. ಬಗ್ದಾದಿನ ಖಲೀಫಾ ಅಲ್-ಮುಕ್ತದಿರ್ ಕಳುಹಿಸಿದ ನಿಯೋಗದೊಂದಿಗೆ ಹೊರಟ ಅವರು 922ರಲ್ಲಿ ವೋಲ್ಗಾ ನದಿಯ ಬಲ್ಗಾರರ ನಾಡು ತಲುಪಿದರು. ಅಲ್ಲಿ ರೂಸ್ ವ್ಯಾಪಾರಿಗಳನ್ನು ಭೇಟಿಯಾದರು. ಇವರು ಸ್ಕ್ಯಾಂಡಿನೇವಿಯಾ ಮೂಲದವರೆಂಬುದು ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. ಅವರ ನಾಯಕನೊಬ್ಬ ಸತ್ತಿದ್ದ. ಅವನೊಂದಿಗೆ ಸಾಯಲು ಒಬ್ಬ ದಾಸಿ ಒಪ್ಪಿದ್ದಳು; ಒಮ್ಮೆ ಒಪ್ಪಿದ ಮೇಲೆ ಹಿಂದೆಗೆಯುವಂತಿರಲಿಲ್ಲ. ಬಾಗಿಲಿನಂಥ ಚೌಕಟ್ಟೊಂದರ ಮೇಲಿಂದ ಇಣುಕುವಂತೆ ಅವಳನ್ನು ಮೂರು ಬಾರಿ ಎತ್ತಿದರು. ಹೆತ್ತವರನ್ನೂ, ಸತ್ತ ಬಂಧುಗಳನ್ನೂ, ಹಸಿರು ಸ್ವರ್ಗದಲ್ಲಿ ಕುಳಿತ ಒಡೆಯನನ್ನೂ ಕಂಡೆನೆಂದಳು. ಬಳಿಕ ಅವಳಿಗೆ ಮದ್ಯ ಕುಡಿಸಿ ಡೇರೆಯೊಳಗೆ ಎಳೆದೊಯ್ದರು. ಅವಳ ಚೀತ್ಕಾರ ಕೇಳಿ ಇತರ ದಾಸಿಯರು ಹೆದರಬಾರದೆಂದು ಗಂಡಸರು ಗುರಾಣಿಗಳನ್ನು ಬಡಿಯತೊಡಗಿದರು. ಅವಳನ್ನು ಕೊಂದ ವೃದ್ಧೆಯನ್ನು ಇಬ್ನ್ ಫದ್‌ಲಾನ್ 'ಮಲಕುಲ್ ಮೌತ್', ಅಂದರೆ ಸಾವಿನ ದೂತೆ, ಎಂದು ಕರೆದಿದ್ದಾರೆ.

ಇಬ್ನ್ ಫದ್‌ಲಾನ್ ಪೂರ್ವಗ್ರಹವಿಲ್ಲದವರೇನಲ್ಲ. ರೂಸರನ್ನು ಅತ್ಯಂತ ಕೊಳಕು ಜನರೆಂದು ಹಳಿದಿದ್ದಾರೆ. ಆದರೆ ಅವರ ಮೈಕಟ್ಟನ್ನು ಖರ್ಜೂರದ ಮರಕ್ಕೆ ಹೋಲಿಸಿ ಮೆಚ್ಚಿದ್ದಾರೆ ಕೂಡ. ಪ್ರಿಯರಾದವರನ್ನು ಮಣ್ಣಲ್ಲಿಟ್ಟು ಹುಳುಗಳಿಗೆ ಒಪ್ಪಿಸುವ ಅರಬರು ಮೂರ್ಖರು, ನಾವಾದರೋ ಸುಟ್ಟು ತಕ್ಷಣ ಸ್ವರ್ಗಕ್ಕೆ ಕಳುಹಿಸುತ್ತೇವೆ ಎಂದು ಒಬ್ಬ ರೂಸ್ ಗೇಲಿ ಮಾಡಿದ್ದನ್ನೂ ಮುಚ್ಚಿಡದೆ ದಾಖಲಿಸಿದ್ದಾರೆ. ಅವರ ಬರಹದ ಅತ್ಯಂತ ವಿಸ್ತಾರವಾದ ಹಸ್ತಪ್ರತಿ ಇರಾನಿನ ಮಶ್‌ಹದ್‌ನಲ್ಲಿ ಪತ್ತೆಯಾದದ್ದು 1923ರಲ್ಲಿ.

ನನ್ನಾ ಕತೆಯ ಪಾತ್ರ. ಆ ದಾಸಿ ನಿಜವಾಗಿ ಬದುಕಿದ್ದ ಹೆಣ್ಣು. ಕತೆ 'ಎದೆಯೊಡೆದು ಸತ್ತಳು' ಎನ್ನುತ್ತದೆ. ಕಂಡವರು ಬರೆದದ್ದು ಗುರಾಣಿಗಳ ಸದ್ದಿನ ಬಗ್ಗೆ. ಸ್ನೋರಿ ಇಲ್ಲದಿದ್ದರೆ ಒಂದು ಜನಾಂಗದ ಕಲ್ಪನಾಲೋಕದ ಬಹುಭಾಗ ನಮಗೆ ದಕ್ಕುತ್ತಿರಲಿಲ್ಲ. ಇಬ್ನ್ ಫದ್‌ಲಾನ್ ಇಲ್ಲದಿದ್ದರೆ, ಹೆಸರೂ ಉಳಿಯದ ಆ ಹೆಣ್ಣುಮಗಳು ಇದ್ದಳೆಂಬುದೇ ತಿಳಿಯುತ್ತಿರಲಿಲ್ಲ. ಗತಕಾಲದ ವೈಭವವನ್ನು ಕೊಂಡಾಡುವವರು ಈ ಎರಡನ್ನೂ ಜೊತೆಯಾಗಿಯೇ ಓದಬೇಕಾಗಿದೆ.