ಕಲ್ಯಾಣದ ವಾಣಿಜ್ಯವೂ ಮಿತಾಕ್ಷರೆಯೂ

ದೂರದೇಶಗಳ ಪರಸ್ಪರ ವ್ಯಾಪಾರದಿಂದ ನಾಗರಿಕತೆಗಳು ಬೆಳೆದುವೆಂಬುದು ಚರಿತ್ರೆಯನ್ನು ಬಲ್ಲವರಿಗೆ ತಿಳಿದ ವಿಷಯವೇ. ಚೀನದ ರೇಷ್ಮೆ ರೋಮನರ ಪೇಟೆಗೂ, ಮಲೆಯಾಳದ ಕರಾವಳಿಯ ಮೆಣಸು ಈಜಿಪ್ಟಿನ ಬಂದರಿಗೂ ಹೋದ ಕಥೆ ಪ್ರಸಿದ್ಧವಾಗಿದೆ. ಆದರೆ ಆ ಸರಕಿನ ಜೊತೆಯಲ್ಲಿ ಕಣ್ಣಿಗೆ ಕಾಣದ ಇನ್ನೊಂದು ವಸ್ತುವೂ ಸಂಚರಿಸುತ್ತಿತ್ತು. ಪರಿಚಯವಿಲ್ಲದವನ ಮಾತಿನಲ್ಲಿ ಇಡುವ ನಂಬಿಕೆಯೇ ಅದು. ಆ ನಂಬಿಕೆಗೆ ಶಾಸ್ತ್ರದ ಆಧಾರವನ್ನಿತ್ತ ಪಟ್ಟಣಗಳಲ್ಲಿ ಇಂದಿನ ಬಸವಕಲ್ಯಾಣವೂ ಒಂದು.

ಹನ್ನೊಂದನೆಯ ಶತಮಾನದ ನಡುವೆ ಒಂದನೆಯ ಸೋಮೇಶ್ವರನು ಕಲ್ಯಾಣವನ್ನು ಚಾಲುಕ್ಯರ ರಾಜಧಾನಿಯನ್ನಾಗಿ ಮಾಡಿದನು. ಸಮುದ್ರವು ಇಲ್ಲಿಗೆ ಬಹುದೂರ. ಆದರೂ ಕನ್ನಡ ನಾಡಿನ ವರ್ತಕಸಂಘವಾದ ಅಯ್ಯಾವೊಳೆಯ ಐನೂರ್ವರ ಶಾಸನಗಳಲ್ಲಿ ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿಗಳು ಸರಕಾಗಿ ಕಾಣುತ್ತವೆ. ನೇಪಾಳ, ಪಾರಸಗಳ ಹೆಸರುಗಳೂ ಬರುತ್ತವೆ. ಐನೂರ್ವರ ಹೆಸರುಳ್ಳ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದ ಬಾರುಸಿನ ಬಳಿ ದೊರೆತಿದೆ. ಅದರ ಕಾಲ ಕ್ರಿ. ಶ. ೧೦೮೮. ಆಗ ಕಲ್ಯಾಣದಲ್ಲಿ ಆಳುತ್ತಿದ್ದವನು ಆರನೆಯ ವಿಕ್ರಮಾದಿತ್ಯನು (೧೦೭೬–೧೧೨೬).

ಆ ಅರಸನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದನು. ಒತ್ತೆಯಿಟ್ಟು ತಂದ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲೊಂದು ಭಾಗ ಬಡ್ಡಿಯೆಂದು ಸ್ಮೃತಿಯ ವಿಧಿ. ಕಾಡುದಾರಿ ಹಿಡಿಯುವವನಿಗೆ ಮಾತ್ರ ನೂರಕ್ಕೆ ಹತ್ತು, ಕಡಲನ್ನು ದಾಟುವವನಿಗೆ ಇಪ್ಪತ್ತು! ಇದು ದುರಾಶೆಯ ಮಾತೆಂದು ತೋರಬಹುದು. ಹಾಗಲ್ಲ, ಹೆಚ್ಚಿನ ಲಾಭಕ್ಕಾಗಿ ಹೊರಟವನು ಪ್ರಾಣಕ್ಕೂ ಧನಕ್ಕೂ ಅಪಾಯವಿರುವ ಎಡೆಯನ್ನು ಹೊಗುತ್ತಾನೆಂದು ವ್ಯಾಖ್ಯಾನಕಾರನು ವಿವರಿಸುತ್ತಾನೆ. ಪಾಲುಗಾರಿಕೆಯ ಪ್ರಕರಣವೂ ಹೀಗೆಯೇ ಸೂಕ್ಷ್ಮವಾದುದು. ಅಜಾಗರೂಕತೆಯಿಂದ ಸರಕನ್ನು ಕೆಡಿಸಿದ ಪಾಲುಗಾರನು ನಷ್ಟವನ್ನು ತುಂಬತಕ್ಕದ್ದು. ವಿಪತ್ತಿನಲ್ಲಿ ಅದನ್ನು ಉಳಿಸಿದವನಿಗೆ ಹತ್ತರಲ್ಲೊಂದು ಪಾಲು ಸಲ್ಲತಕ್ಕದ್ದು. ದೇಶಾಂತರದಲ್ಲಿ ಒಬ್ಬನು ತೀರಿಕೊಂಡರೆ ಅವನ ಧನವು ದಾಯಾದರಿಗೆ, ಬಂಧುಗಳಿಗೆ, ಜ್ಞಾತಿಗಳಿಗೆ ಅಥವಾ ಹಿಂದಿರುಗಿ ಬಂದ ಜೊತೆಗಾರರಿಗೆ ಸಲ್ಲಬೇಕು. ಇವರಾರೂ ಇಲ್ಲದಿದ್ದರೆ ಮಾತ್ರ ಅರಸನಿಗೆ. ಅರಸನಿಗೆ ಇಲ್ಲಿ ಕೊನೆಯ ಸ್ಥಾನವೆಂಬುದನ್ನು ವಾಚಕರು ಗಮನಿಸಬೇಕು. ಮಗನನ್ನು ಕಡಲಾಚೆಗೆ ಕಳುಹಿಸುವ ಮನೆಗೆ ಇಂತಹ ಭರವಸೆಯಿಲ್ಲದೆ ಧೈರ್ಯವೆಲ್ಲಿಂದ ಬಂದೀತು?

ಹುಮನಾಬಾದು ತಾಲ್ಲೂಕಿನ ಜಲಸಂಗಿಯ ದೇಗುಲದಲ್ಲಿ ವಿಕ್ರಮಾದಿತ್ಯನ ಕೀರ್ತಿಯನ್ನು ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳು ಇಂದಿಗೂ ನಿಂತಿದ್ದಾಳೆ. ಅರಸನ ಕೀರ್ತಿ ಕಲ್ಲಿನಲ್ಲಿ ನಿಂತಿತು. ವಿಜ್ಞಾನೇಶ್ವರನ ಮಾತು ನಾಡುನಾಡುಗಳಿಗೆ ನಡೆಯಿತು. ಹನ್ನೆರಡನೆಯ ಶತಮಾನದ ಕೊನೆಗೆ ಚಾಲುಕ್ಯರ ಅರಸೊತ್ತಿಗೆ ಅಳಿಯಿತು, ರಾಜಧಾನಿಯ ವೈಭವವೂ ಕಳೆಯಿತು. ಗ್ರಂಥವು ಮಾತ್ರ ಬಂಗಾಳವನ್ನು ಬಿಟ್ಟು ಭರತಖಂಡದ ಬಹುಭಾಗದಲ್ಲಿ ದಾಯಭಾಗಕ್ಕೆ ಪ್ರಮಾಣವಾಯಿತು. ೧೮೧೦ರಲ್ಲಿ ಕೋಲ್‌ಬ್ರೂಕನು ಅದರ ದಾಯಪ್ರಕರಣವನ್ನು ಇಂಗ್ಲಿಷಿಗೆ ತಂದನು. ಕಲ್ಯಾಣದಿಂದ ಹೊರಟ ಸರಕುಗಳಲ್ಲಿ ಇಷ್ಟು ದೂರ ಹೋದುದು, ಇಷ್ಟು ಕಾಲ ಬಾಳಿದುದು ಬೇರೊಂದಿಲ್ಲ.

ಪುಣೆ-ಹೈದರಾಬಾದುಗಳ ಹೆದ್ದಾರಿ ಇಂದು ಹುಮನಾಬಾದನ್ನು ಹಾದುಹೋಗುತ್ತದೆ; ಬೀದರ-ಕಲಬುರಗಿಯ ರೈಲುದಾರಿಯೂ ಅಲ್ಲಿಗೆ ಬಂದಿದೆ. ದಾರಿಗಳು ಹೊಸವು. ಆದರೆ ದಾರಿಯೊಂದೇ ವಾಣಿಜ್ಯವನ್ನು ಬೆಳೆಸಲಾರದು. ಕೊಟ್ಟ ಮಾತು ಉಳಿಯುವುದೆಂಬ ಭರವಸೆ ಎಲ್ಲಿರುವುದೋ ಸಂಪತ್ತು ಅಲ್ಲಿಗೆ ನಡೆದು ಬರುತ್ತದೆ.