ಪಿನಟೂಬೊ ಬೆಟ್ಟ ಮತ್ತು ಒಂದು ವಿಡಿಯೊ ಕ್ಯಾಸೆಟ್

ಜ್ವಾಲಾಮುಖಿ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾವುದು? ಬೆಟ್ಟದ ತುದಿಯಿಂದ ಉಕ್ಕಿ, ಕೆಂಡದಂತೆ ಹೊಳೆಯುತ್ತ ಇಳಿಜಾರಿನಲ್ಲಿ ಹರಿದು ಬರುವ ಲಾವಾರಸ, ಅಲ್ಲವೇ? ಆ ಚಿತ್ರವನ್ನು ನಿಮ್ಮ ಮನಸ್ಸಿನಲ್ಲಿ ಕೂರಿಸಿದವರು ನಾವೇ, ಟೆಲಿವಿಷನ್ ಮಂದಿ. ರಾತ್ರಿ ಹೊತ್ತು ತೆಗೆದ ಲಾವಾ ದೃಶ್ಯದಷ್ಟು ಪರದೆಗೆ ಒಪ್ಪುವ ವಸ್ತು ಇನ್ನೊಂದಿಲ್ಲ. ಆದರೆ ವಿಜ್ಞಾನದ ಲೆಕ್ಕದಲ್ಲಿ ಇದು ತಪ್ಪು ಪಾಠ. ಲಾವಾ ಬಹುಮಟ್ಟಿಗೆ ನಿಧಾನವಾಗಿ ಹರಿಯುತ್ತದೆ. ಅದು ಮನೆ, ತೋಟಗಳನ್ನು ನುಂಗುತ್ತದೆಯೇ ಹೊರತು, ಕಾಲಿದ್ದವನು ಸಾಮಾನ್ಯವಾಗಿ ಅದರಿಂದ ತಪ್ಪಿಸಿಕೊಳ್ಳಬಲ್ಲ. ಜನರನ್ನು ಸಾವಿರಗಟ್ಟಲೆ ಕೊಂದಿರುವುದು ನೋಡಲು ಅಷ್ಟೇನೂ ಚೆಂದವಿಲ್ಲದ ಬೂದುಬಣ್ಣದ ಸಂಗತಿಗಳು: ಬಿಸಿ ಬೂದಿ, ಅನಿಲ, ಕೆಸರು.

ಈ ತಪ್ಪು ಪಾಠವನ್ನು ತಿದ್ದಲು ತಯಾರಾದ ಒಂದು ವಿಡಿಯೊ ಚಿತ್ರದ ಕಥೆಯನ್ನು ನಿಮಗೆ ಹೇಳಬೇಕಾಗಿದೆ. ಕಥೆ ನಡೆದದ್ದು 1991ರಲ್ಲಿ, ಫಿಲಿಪೀನ್ಸ್ ದೇಶದ ಲುಜಾನ್ ದ್ವೀಪದಲ್ಲಿ. ಆದರೆ ಅದರ ಬೇರು ಇರುವುದು ಆರು ವರ್ಷ ಹಿಂದೆ, ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ.

1985ರ ನವೆಂಬರ್ 13ರ ರಾತ್ರಿ ಅಲ್ಲಿನ ನೆವಾಡೊ ಡೆಲ್ ರೂಯಿಸ್ ಎಂಬ ಹಿಮಾವೃತ ಜ್ವಾಲಾಮುಖಿ ಸಿಡಿಯಿತು. ಸಿಡಿತ ದೊಡ್ಡದೇನಲ್ಲ. ಆದರೆ ಕರಗಿದ ಹಿಮ, ಬೂದಿ, ಬಂಡೆಗಳು ಸೇರಿ ಕೆಸರಿನ ಪ್ರವಾಹವಾಗಿ ಕಣಿವೆಗಿಳಿದು, ಸುಮಾರು ಎರಡೂವರೆ ಗಂಟೆಯ ನಂತರ ಅರ್ಮೆರೊ ಎಂಬ ಪಟ್ಟಣವನ್ನು ಮುಚ್ಚಿಹಾಕಿತು. ಸತ್ತವರು ಒಟ್ಟು 23,000ಕ್ಕೂ ಹೆಚ್ಚು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಕೆಸರು ಯಾವ ದಾರಿಯಲ್ಲಿ ಬರುತ್ತದೆಂದು ತೋರಿಸುವ ಅಪಾಯ ನಕ್ಷೆ ಹಿಂದಿನ ತಿಂಗಳೇ ಪ್ರಕಟವಾಗಿತ್ತು. ನಕ್ಷೆ ಸರಿಯಾಗಿಯೇ ಇತ್ತು. ಅದರಲ್ಲಿ ಬಳಿದಿದ್ದ ಬಣ್ಣ ತಮ್ಮ ಬೀದಿಯ ಮೇಲೆ ಬರುವ ಕೆಸರು ಎಂದು ಜನರಿಗಾಗಲಿ ಅಧಿಕಾರಿಗಳಿಗಾಗಲಿ ಅರ್ಥವಾಗಲಿಲ್ಲ, ಅಷ್ಟೇ. ಇದನ್ನು ಓದಿದಾಗಲೆಲ್ಲ ನನಗೆ ನನ್ನ ತಾಯಿ ನೆನಪಾಗುತ್ತಾರೆ. ನಾನು ಮಾಡಿದ ಕಾರ್ಯಕ್ರಮವೇ ಆದರೂ ಪರದೆಯ ಮೇಲೆ ಭೂಪಟ ಬಂತೆಂದರೆ ಅವರು ಎದ್ದು ಒಲೆಯ ಮೇಲಿನ ಸಾರು ನೋಡಲು ಹೋಗುತ್ತಾರೆ.

ಅರ್ಮೆರೊ ದುರಂತದಿಂದ ಜ್ವಾಲಾಮುಖಿ ವಿಜ್ಞಾನಿಗಳು ಕಂಗೆಟ್ಟರು. ಅದರ ಫಲವಾಗಿ ಎರಡು ಕೆಲಸಗಳಾದವು. ಎಲ್ಲಿ ಬೆಟ್ಟ ಎಚ್ಚರಗೊಂಡರೂ ಉಪಕರಣಗಳೊಂದಿಗೆ ಹೊರಡಬಲ್ಲ ತಂಡವೊಂದನ್ನು ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆ 1986ರಲ್ಲಿ ಕಟ್ಟಿತು. ಇನ್ನೊಂದು, ಜನಸಾಮಾನ್ಯರಿಗೂ ಅಧಿಕಾರಿಗಳಿಗೂ ತೋರಿಸಬಹುದಾದ ಒಂದು ಚಿಕ್ಕ ವಿಡಿಯೊ. ಇದನ್ನು ತಯಾರಿಸುವ ಕೆಲಸ ಫ್ರಾನ್ಸಿನ ಮಾರಿಸ್ ಮತ್ತು ಕಾತ್ಯಾ ಕ್ರಾಫ್ಟ್ ದಂಪತಿಗಳ ಪಾಲಿಗೆ ಬಂತು. ಸಿಡಿಯುವ ಬೆಟ್ಟಗಳ ಅಂಚಿಗೇ ಹೋಗಿ ಚಿತ್ರೀಕರಿಸುವುದೇ ಅವರ ಜೀವನವಾಗಿತ್ತು. (2022ರಲ್ಲಿ ಬಂದ ‘ಫೈರ್ ಆಫ್ ಲವ್’ ಎಂಬ ಸಾಕ್ಷ್ಯಚಿತ್ರ ಅವರನ್ನು ಕುರಿತದ್ದು. ನಿಮ್ಮಲ್ಲಿ ಕೆಲವರು ನೋಡಿರಬಹುದು.) ಈ ವಿಡಿಯೊದಲ್ಲಿ ಅವರು ಏಳು ಅಪಾಯಗಳನ್ನು ಆರಿಸಿಕೊಂಡರು: ಬೂದಿಮಳೆ, ಬೆಂಕಿಮೋಡ, ಕೆಸರುಪ್ರವಾಹ, ಬೆಟ್ಟದ ಕುಸಿತ, ಸುನಾಮಿ, ಲಾವಾ, ವಿಷಾನಿಲ. ಏಳರಲ್ಲಿ ಒಂದೇ ಒಂದು ಲಾವಾ ಎಂಬುದನ್ನು ಗಮನಿಸಿ.

ಈಗ ಲುಜಾನ್‌ಗೆ ಬರೋಣ. ಮನಿಲಾ ನಗರದಿಂದ ವಾಯವ್ಯಕ್ಕೆ ಸುಮಾರು 90 ಕಿ.ಮೀ. ದೂರದಲ್ಲಿ ಪಿನಟೂಬೊ ಎಂಬ ಬೆಟ್ಟವಿದೆ. ಆಗ ಅದರ ಎತ್ತರ 1,745 ಮೀಟರು. ಶಂಕುವಿನಾಕಾರವಿಲ್ಲ, ಹೊಗೆಯಿಲ್ಲ, ದಟ್ಟ ಕಾಡು. ಸುಮಾರು 500 ವರ್ಷ ಅದು ಸಿಡಿದಿರಲಿಲ್ಲವಾದ್ದರಿಂದ ಬಯಲಿನ ಬಹಳ ಜನರಿಗೆ ಅದು ಜ್ವಾಲಾಮುಖಿ ಎಂಬುದೇ ತಿಳಿದಿರಲಿಲ್ಲ. ಬೆಟ್ಟದ ಮೈಮೇಲೆ ಆಯ್ಟಾ ಎಂಬ ಮೂಲನಿವಾಸಿ ಜನ, ಸುಮಾರು 20,000 ಮಂದಿ, ಕುಮರಿ ಬೇಸಾಯ, ಬೇಟೆ ಮಾಡಿಕೊಂಡು ಬದುಕಿದ್ದರು. ಅವರಿಗೆ ಅದು ಆಪೊ ನಮಲ್ಯಾರಿ ಎಂಬ ದೇವರ ಬೆಟ್ಟ. 1980ರ ದಶಕದ ಕೊನೆಯಲ್ಲಿ ಸರ್ಕಾರಿ ತೈಲ ಕಂಪನಿ ಭೂಶಾಖದ ವಿದ್ಯುತ್ತಿಗಾಗಿ ಅಲ್ಲಿ ಆಳವಾದ ಬಾವಿಗಳನ್ನು ಕೊರೆದಿತ್ತು. ದೇವರು ಸಿಟ್ಟಾದದ್ದು ಅದಕ್ಕೇ ಎಂದು ಆಯ್ಟಾಗಳು ಆಮೇಲೆ ಹೇಳಿದರು.

1990ರ ಜುಲೈ 16ರಂದು ಲುಜಾನ್‌ನಲ್ಲಿ ಭಾರಿ ಭೂಕಂಪವಾಯಿತು. 1991ರ ಏಪ್ರಿಲ್ 2ರಂದು ಪಿನಟೂಬೊದ ಉತ್ತರ ಪಕ್ಕೆ ಸುಮಾರು ಒಂದೂವರೆ ಕಿ.ಮೀ. ಉದ್ದಕ್ಕೆ ಬಿರಿದು ಹಬೆ ಉಗುಳಿತು. (ಕಾಕತಾಳೀಯ ನೋಡಿ, ನಮ್ಮ ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿ ಒಂದೂವರೆ ಶತಮಾನದ ಮೌನ ಮುರಿದು ಎಚ್ಚೆತ್ತದ್ದೂ ಅದೇ ವಸಂತದಲ್ಲಿ. ಪುಣ್ಯಕ್ಕೆ ಅಲ್ಲಿ ಜನವಸತಿಯಿಲ್ಲ.) ಫಿಲಿಪೀನ್ಸಿನ ಜ್ವಾಲಾಮುಖಿ ಮತ್ತು ಭೂಕಂಪ ಸಂಸ್ಥೆಯ ನಿರ್ದೇಶಕ ರೇಮುಂಡೊ ಪುನೊಂಗ್ಬಯನ್ ತಕ್ಷಣ ಭೂಕಂಪಮಾಪಕಗಳನ್ನು ಕಳಿಸಿದರು. ಏಪ್ರಿಲ್ ಕೊನೆಗೆ ಕ್ರಿಸ್ ನ್ಯೂಹಾಲ್ ಮುಂದಾಳತ್ವದ ಅಮೆರಿಕದ ತಂಡವೂ ಬಂದು ಸೇರಿತು. ಬೆಟ್ಟದ ಬುಡದಲ್ಲೇ ಅಮೆರಿಕದ ಕ್ಲಾರ್ಕ್ ವಾಯುನೆಲೆಯಿತ್ತು.

ವಿಜ್ಞಾನಿಗಳು ಮೊದಲು ಹಳ್ಳಕೊಳ್ಳಗಳಿಗಿಳಿದು ಹಳೆಯ ಪದರಗಳನ್ನು ನೋಡಿದರು. ಬೂದಿಯಲ್ಲಿ ಹೂತಿದ್ದ ಇದ್ದಿಲ ಚೂರುಗಳ ಕಾಲ ನಿರ್ಣಯಿಸಿದಾಗ, ಈ ಬೆಟ್ಟ ಸಿಡಿದಾಗಲೆಲ್ಲ ಭೀಕರವಾಗಿಯೇ ಸಿಡಿದಿದೆ ಎಂದು ತಿಳಿಯಿತು. ಮೇ 23ಕ್ಕೆ ಅಪಾಯ ನಕ್ಷೆ ಸಿದ್ಧವಾಗಿ ಹಂಚಿಕೆಯಾಯಿತು.

ಮತ್ತೆ ನಕ್ಷೆ! ಅರ್ಮೆರೊದ ಕಥೆಯೇ ಇಲ್ಲೂ ಆಗಬಹುದಿತ್ತು. ಎಷ್ಟೋ ಅಧಿಕಾರಿಗಳಿಗೆ ನಂಬಿಕೆ ಬರಲಿಲ್ಲ. ಅವರನ್ನು ಪೂರ್ತಿ ದೂರುವಂತೆಯೂ ಇಲ್ಲ. 1976ರಲ್ಲಿ ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ಇಂಥದೇ ಭಯದಿಂದ 70,000ಕ್ಕೂ ಹೆಚ್ಚು ಜನರನ್ನು ತಿಂಗಳುಗಟ್ಟಲೆ ಊರು ಬಿಡಿಸಲಾಗಿತ್ತು. ಮಹಾಸ್ಫೋಟ ಆಗಲೇ ಇಲ್ಲ. ಬೆಳೆ ಹೋಯಿತು, ವ್ಯಾಪಾರ ಹೋಯಿತು, ವಿಜ್ಞಾನಿಗಳ ಮರ್ಯಾದೆಯೂ ಹೋಯಿತು. ಪಿನಟೂಬೊದ ತಂಡಕ್ಕೆ ಈ ಎರಡೂ ಉದಾಹರಣೆಗಳು ಚೆನ್ನಾಗಿ ಗೊತ್ತಿದ್ದವು.

ಆಗ ನೆರವಿಗೆ ಬಂದದ್ದು ಕ್ರಾಫ್ಟ್ ದಂಪತಿಗಳ ವಿಡಿಯೊ. ಅದಿನ್ನೂ ಪೂರ್ಣಗೊಂಡಿರಲಿಲ್ಲ, ಕೈಗೆ ಬಂದದ್ದು ಕರಡು ಪ್ರತಿ. ಅದರ ಕ್ಯಾಸೆಟ್ಟುಗಳನ್ನು ಪ್ರತಿಮಾಡಿ ಅಧಿಕಾರಿಗಳಿಗೆ, ಸೈನಿಕರಿಗೆ, ಶಿಕ್ಷಕರಿಗೆ, ಹಳ್ಳಿಯವರಿಗೆ ತೋರಿಸಿದರು. ಬೆಟ್ಟದ ಮೈಯಿಂದ ಬೂದಿಯ ಮೋಡ ಗಂಟೆಗೆ ನೂರು ಕಿ.ಮೀ. ಮೀರಿದ ವೇಗದಲ್ಲಿ ಉರುಳಿಬರುವುದನ್ನೂ, ಅದು ಹಾದುಹೋದ ಮೇಲೆ ಏನು ಉಳಿಯುತ್ತದೆಂಬುದನ್ನೂ ಜನ ಕಂಡರು. ವಾದ ಮಾಡುತ್ತಿದ್ದವರಲ್ಲಿ ಹಲವರು ಆಮೇಲೆ ಸುಮ್ಮನಾದರು.

ಭಯ ಹುಟ್ಟಿಸುವ ದೃಶ್ಯವನ್ನು ತೋರಿಸಬೇಕೆ, ಬೇಡವೆ? ನಮ್ಮ ಸಂಕಲನ ಕೊಠಡಿಯಲ್ಲಿ ಇದು ಮುಗಿಯದ ಜಗಳ. ಸಾಮಾನ್ಯವಾಗಿ ನಾನು ಬೇಡ ಎನ್ನುವ ಪಕ್ಷ. ಪಿನಟೂಬೊದ ಮಟ್ಟಿಗೆ ಮಾತ್ರ ನನ್ನ ಪಕ್ಷ ಸೋಲುತ್ತದೆ.

ಬೆಟ್ಟದಿಂದ ಹೊರಬರುತ್ತಿದ್ದ ಗಂಧಕದ ಡೈ ಆಕ್ಸೈಡನ್ನು ಅಳೆಯುತ್ತಿದ್ದರು. ಮೇ 13ರಂದು ದಿನಕ್ಕೆ 500 ಟನ್. ಮೇ 28ರಂದು 5,000 ಟನ್ ಮೀರಿತು. ಜೂನ್ ಮೊದಲ ವಾರದಲ್ಲಿ ಇದ್ದಕ್ಕಿದ್ದಂತೆ 300 ಟನ್ನಿಗಿಂತ ಕೆಳಗಿಳಿಯಿತು. ಬೆಟ್ಟ ತಣ್ಣಗಾಯಿತು ಎಂದು ನಿಮಗೆ ಅನಿಸಬಹುದು. ಕುಕ್ಕರಿನ ಸೀಟಿಯ ತೂತಿಗೆ ಅಕ್ಕಿ ಕಾಳು ಸಿಕ್ಕಿಕೊಂಡು ಹಬೆ ನಿಂತರೆ ನೀವು ನಿಶ್ಚಿಂತೆಯಿಂದ ಇರುತ್ತೀರಾ? ಇದೂ ಹಾಗೆಯೇ. ಕೆಳಗಿನಿಂದ ಏರುತ್ತಿದ್ದ ಶಿಲಾರಸವೇ ಅನಿಲದ ದಾರಿಯನ್ನು ಮುಚ್ಚಿತ್ತು. ಜೂನ್ 5ರಂದು ಎಚ್ಚರಿಕೆ ಮೂರನೆಯ ಮಟ್ಟಕ್ಕೇರಿತು, 7ರಂದು ನಾಲ್ಕಕ್ಕೆ, 9ರಂದು ಕೊನೆಯದಾದ ಐದಕ್ಕೆ. ಜೂನ್ 10ರಂದು ಕ್ಲಾರ್ಕ್ ನೆಲೆಯಿಂದ 14,000ಕ್ಕೂ ಹೆಚ್ಚು ಜನ ಸಾಲುಗಟ್ಟಿ ಹೊರಟರು. ಹಳ್ಳಿಗಳನ್ನು ತೆರವು ಮಾಡಿಸುವ ವೃತ್ತ ಬೆಟ್ಟದ ಸುತ್ತ 10 ಕಿ.ಮೀ.ಯಿಂದ ಬೆಳೆಯುತ್ತ ಕೊನೆಗೆ 40 ಕಿ.ಮೀ. ತಲುಪಿತು.

ಈ ನಡುವೆ, ಜೂನ್ 3ರಂದು, ಜಪಾನಿನಿಂದ ಸುದ್ದಿ ಬಂತು. ಅಲ್ಲಿನ ಉನ್‌ಜೆನ್ ಬೆಟ್ಟದ ಬೆಂಕಿಮೋಡಕ್ಕೆ 43 ಜನ ಬಲಿಯಾಗಿದ್ದರು. ಅವರಲ್ಲಿ ಮಾರಿಸ್ ಮತ್ತು ಕಾತ್ಯಾ ಇದ್ದರು. ಲುಜಾನ್‌ನಲ್ಲಿ ಅವರ ಕ್ಯಾಸೆಟ್ಟುಗಳು ಓಡುತ್ತಲೇ ಇದ್ದವು.

ಜೂನ್ 12ರ ಬೆಳಿಗ್ಗೆ, ಫಿಲಿಪೀನ್ಸಿನ ಸ್ವಾತಂತ್ರ್ಯ ದಿನದಂದೇ, ಮೊದಲ ದೊಡ್ಡ ಸ್ಫೋಟವಾಯಿತು. ಮಹಾಸ್ಫೋಟ ಜೂನ್ 15ರ ಮಧ್ಯಾಹ್ನ. ಬೂದಿಯ ಕಂಬ ಸುಮಾರು 35 ಕಿ.ಮೀ. ಎತ್ತರಕ್ಕೇರಿತು. ಹಾಡುಹಗಲೇ ಕತ್ತಲೆ. ವಿಜ್ಞಾನಿಗಳ ಉಪಕರಣಗಳು ಒಂದೊಂದಾಗಿ ಮೂಕವಾದವು, ಅವರೂ ಓಡಬೇಕಾಯಿತು. ಬೆಂಕಿಮೋಡಗಳು ಕಣಿವೆಗಳನ್ನು ತುಂಬಿದವು. ಬೆಟ್ಟದ ತಲೆಯೇ ಕುಸಿದು ಎರಡೂವರೆ ಕಿ.ಮೀ. ಅಗಲದ ಕುಳಿಯಾಯಿತು. ಮೇಲೇರಿದ ಗಂಧಕ ಭೂಮಿಯನ್ನೆಲ್ಲ ಸುತ್ತಿ, ಮುಂದಿನ ವರ್ಷ ಪ್ರಪಂಚದ ಸರಾಸರಿ ಉಷ್ಣತೆಯನ್ನು ಅರ್ಧ ಡಿಗ್ರಿಯಷ್ಟು ಇಳಿಸಿತು. ಇಪ್ಪತ್ತನೆಯ ಶತಮಾನದ ಎರಡನೆಯ ಅತಿದೊಡ್ಡ ಸ್ಫೋಟವಿದು. ಎಚ್ಚರಿಕೆಯಿಂದ ಉಳಿದ ಜೀವಗಳು ಕನಿಷ್ಠ 5,000 ಎಂದು ಅಮೆರಿಕದ ಸರ್ವೇಕ್ಷಣೆ ಅಂದಾಜು ಮಾಡಿದೆ.

ಹಾಗೆಂದು ಸಾವು ತಪ್ಪಲಿಲ್ಲ. ಅದೇ ದಿನ ಯೂನ್ಯಾ ಎಂಬ ಚಂಡಮಾರುತ ಆ ದಾರಿಯಲ್ಲೇ ಹಾದುಹೋಯಿತು. ಮಳೆ ಕುಡಿದ ಬೂದಿ ಹಸಿ ಸಿಮೆಂಟಿನಂತೆ ಛಾವಣಿಗಳ ಮೇಲೆ ಕುಳಿತಿತು. ಬಿರುಗಾಳಿಗೆ ಹೆದರಿ ಒಳಗೆ ಸೇರಿದ್ದ ಜನರ ಮೇಲೆ ಸೂರು ಬಿತ್ತು. ಸುಮಾರು 300 ಮಂದಿ ಸತ್ತದ್ದು ಹೀಗೆ. ಒಟ್ಟು ಲೆಕ್ಕ 800 ದಾಟಿತು. ಅದರಲ್ಲಿ ದೊಡ್ಡ ಪಾಲು ಬೆಟ್ಟದ ಕೈಯಿಂದ ಸತ್ತವರದಲ್ಲ. ನಿರಾಶ್ರಿತರ ಶಿಬಿರಗಳಲ್ಲಿ ದಡಾರ, ಭೇದಿ, ನ್ಯುಮೋನಿಯಾ ಹರಡಿದವು. ಸತ್ತವರಲ್ಲಿ ಆಯ್ಟಾ ಮಕ್ಕಳೇ ಹೆಚ್ಚು. ಬೆಟ್ಟದಲ್ಲಿ ಚದುರಿ ಬಾಳಿದ್ದ ಜನರನ್ನು ಗುಡಾರಗಳಲ್ಲಿ ಒತ್ತೊತ್ತಾಗಿ ತುಂಬಲಾಗಿತ್ತು. ಲಸಿಕೆ ಹಿಡಿದು ಬಂದ ಅಪರಿಚಿತರನ್ನು ಎಷ್ಟೋ ಕುಟುಂಬಗಳು ನಂಬಲಿಲ್ಲ. ವಿಡಿಯೊದ ಏಳು ಅಪಾಯಗಳಲ್ಲಿ ದಡಾರ ಇರಲಿಲ್ಲ. ಅದರ ಬಗ್ಗೆ ಅವರ ಮಾತಿನಲ್ಲಿ ಅವರಿಗೆ ತಿಳಿಯುವಂತೆ ಯಾರಾದರೂ ಹತ್ತು ನಿಮಿಷದ ಕ್ಯಾಸೆಟ್ ಮಾಡಿದ್ದರೆ ಎಂದು ನನಗೆ ಈಗಲೂ ಅನಿಸುತ್ತದೆ.

ಬೆಟ್ಟ ಸುಮ್ಮನಾದ ಮೇಲೂ ಅಪಾಯ ನಿಲ್ಲಲಿಲ್ಲ. ಪ್ರತಿ ಮಳೆಗಾಲದಲ್ಲೂ ಕಣಿವೆಯ ಬೂದಿ ನೀರಿನೊಡನೆ ಸೇರಿ ಲಹಾರ್ ಆಗಿ ಇಳಿಯಿತು. ಕೆಸರುಪ್ರವಾಹಕ್ಕೆ ಜಾವಾ ದ್ವೀಪದವರ ಹೆಸರು ಅದು. 1995ರ ಅಕ್ಟೋಬರ್ 1ರಂದು ಬಕೊಲೋರ್ ಪಟ್ಟಣ ಅದರಡಿ ಹೂತುಹೋಯಿತು. ಅಲ್ಲಿನ ಸಾನ್ ಗಿಯೆರ್ಮೊ ಚರ್ಚು ಅರ್ಧದವರೆಗೆ, ಸುಮಾರು ಆರು ಮೀಟರು, ನೆಲದೊಳಗಿದೆ. ಊರಿನವರು ಅದನ್ನು ಬಿಟ್ಟುಹೋಗಲಿಲ್ಲ. ಹೂತಿದ್ದ ಪೂಜಾಪೀಠದ ಕೆತ್ತನೆಗಳನ್ನು ಅಗೆದು ತೆಗೆದು ಹೊಸ ನೆಲದ ಮಟ್ಟಕ್ಕೆ ಎತ್ತಿ ನಿಲ್ಲಿಸಿದರು. ಹಿಂದೆ ಕಿಟಕಿಗಳಾಗಿದ್ದವು ಈಗ ಬಾಗಿಲುಗಳಾಗಿವೆ, ಭಾನುವಾರದ ಪ್ರಾರ್ಥನೆಗೆ ಜನ ಅವುಗಳ ಮೂಲಕವೇ ಒಳಗೆ ಹೋಗುತ್ತಾರೆ.